ಸಂಡೂರಿನ ಲಂಬಾಣಿ ಕಸೂತಿ: ಸೂಜಿಯಿಂದ ಸ್ವಾವಲಂಬನೆ

ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು ಸಂಡೂರು. ಮಹಿಳೆಯರ ಹೊಲಿಗೆ, ಸ್ವಾವಲಂಬನೆ ಕುರಿತ ಪರೀಕ್ಷೆಯ ಪ್ರಶ್ನೆಗೆ ಜಿಲ್ಲೆಯೊಳಗೇ ಸಿಗುವ ಗಟ್ಟಿ ಉದಾಹರಣೆ ಲಂಬಾಣಿ ಕಸೂತಿಯ ಸಂಡೂರು ಕುಶಲ ಕಲಾ ಕೇಂದ್ರ (1988).

ಬಣ್ಣದ ಬಟ್ಟೆಯ ತುಂಡು ಜೋಡಿಸಿ, ಕನ್ನಡಿ ಬಿಲ್ಲೆ, ಕವಡೆ ಕೂರಿಸಿ ಹೊಲಿಯುವುದು ಲಂಬಾಣಿ ತಾಂಡಾದ ಹೆಂಗಸರು ತಮ್ಮ ಉಡುಪಿಗಾಗಿಯೇ ಉಳಿಸಿಕೊಂಡು ಬಂದ ಕಲೆ. ಅದೇ ಈಗ ಚೀಲ, ದಿಂಬಿನ ಹೊದಿಕೆಯಾಗಿ ಮಾರುಕಟ್ಟೆ ಸೇರಿದೆ. 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಸೂಚಿಕೆ (ಜಿಐ) ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ20 ಸಂಸ್ಕೃತಿ ಕಾರ್ಯಪಡೆ ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಅಭ್ಯರ್ಥಿಗಳು ಎಡವುವುದು ಇಲ್ಲೇ: ಧಾರವಾಡ ಸೀಮೆಯ ಕಸೂತಿ ಬೇರೆ, ಅದಕ್ಕೆ ಪ್ರತ್ಯೇಕ ಜಿಐ ಇದೆ. ಗಂಟು ಹಾಕದೆ, ಬಟ್ಟೆಯ ಎಳೆ ಎಣಿಸಿ ಹೊಲಿಯುವ ಆ ಕಸೂತಿಯಲ್ಲಿ ಕನ್ನಡಿ, ಕವಡೆ ಇರುವುದಿಲ್ಲ.

ಉತ್ತರಕ್ಕೆ ಪೂರಕ ಅಂಶಗಳು: ಸಹಕಾರ ಸಂಘಗಳ ಉತ್ತೇಜನ ಸಂವಿಧಾನದ 43ಬಿ ವಿಧಿಯಲ್ಲಿದೆ (97ನೇ ತಿದ್ದುಪಡಿ). ರಾಜ್ಯದ ಸ್ತ್ರೀಶಕ್ತಿ ಯೋಜನೆ 2000-01ರದು. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ.