ಗುರಿಗೆ ಲೆಕ್ಕ ಬೇಕು

‘ಊರಿನ ಆರೋಗ್ಯ ಕಾಪಾಡೋಣ’ ಅಂತ ನಾವು ಹಲಗೆ ಮೇಲೆ ಬರೆದೆವು. “ಕಾಪಾಡಿದಿರೋ ಇಲ್ಲವೋ ಅಂತ ಹೇಗೆ ತಿಳೀತದೆ?” ಎಂದು ಗುರುಗಳು ಕೇಳಿದರು. ಯಾರಿಗೂ ಉತ್ತರ ಬರಲಿಲ್ಲ. ಆಗ ಅವರು ನಾರುಹುಣ್ಣಿನ ವಿಷಯ ಹೇಳಿದರು.

ಹಿಂದೆ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಈ ರೋಗವಿತ್ತು. ಮೆಟ್ಟಿಲು ಬಾವಿಯ ನೀರನ್ನು ಸೋಸದೆ ಕುಡಿದರೆ ರೋಗ ಅಂಟುತ್ತಿತ್ತು. ಸುಮಾರು ಒಂದು ವರ್ಷದ ಮೇಲೆ ಕಾಲಿನಿಂದ ದಾರದಂಥ ಉದ್ದ ಹುಳ ಹೊರಬರುತ್ತಿತ್ತು. ಇದಕ್ಕೆ ಲಸಿಕೆ ಇಲ್ಲ. ಸರಕಾರವು ‘ರೋಗ ಕಡಿಮೆ ಮಾಡೋಣ’ ಎನ್ನಲಿಲ್ಲ, ‘ಒಬ್ಬರಿಗೂ ಇರಬಾರದು’ ಎಂದು ಗುರಿ ಇಟ್ಟಿತು. ಮನೆಮನೆಗೆ ಹೋಗಿ ರೋಗಿಗಳನ್ನು ಎಣಿಸಿದರು. ನೀರು ಸೋಸುವುದನ್ನು ಕಲಿಸಿದರು. 1984ರಲ್ಲಿ ಸುಮಾರು 40,000 ರೋಗಿಗಳಿದ್ದರು. 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಸಿಕ್ಕರು. ಆಮೇಲೂ ಹುಡುಕುತ್ತಲೇ ಇದ್ದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದಲ್ಲಿ ಈ ರೋಗ ಇಲ್ಲವೆಂದು ಸಾರಿತು.

ನಾವೂ ಹಲಗೆ ಒರೆಸಿ ಹೀಗೆ ಬರೆದೆವು: ‘ದಸರಾ ರಜೆಯೊಳಗೆ ನಮ್ಮ ಓಣಿಯ 30 ಮನೆಗಳಲ್ಲೂ ಕುಡಿಯುವ ನೀರನ್ನು ಸೋಸಿ ಮುಚ್ಚಿಡಬೇಕು.’ ಮೊದಲ ದಿನ ಎಣಿಸಿದಾಗ 11 ಮನೆ ಸಿಕ್ಕವು. ಅದರಲ್ಲಿ ನಮ್ಮ ಮನೆ ಇರಲಿಲ್ಲ. ನನಗೆ ನಾಚಿಕೆಯಾಯಿತು. ಸಂಜೆಯೇ ಅವ್ವನಿಗೆ ಹೇಳಿ ಕೊಡಕ್ಕೆ ಬಟ್ಟೆ ಕಟ್ಟಿಸಿದೆ. ಈಗ 12.

ಗೆಳೆಯರೇ, ನಿಮ್ಮ ಮನೆ ಲೆಕ್ಕದಲ್ಲಿದೆಯೇ?