ಮಕ್ಕಳ ಹೋಂವರ್ಕಿಗೆ ತಾಯಿಯ ನೆರವು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಸಂಘಗಳಿಗೆ ನಾವು ಬಂದಾಗ, ಉಳಿತಾಯ ಸಾಲದ ಲೆಕ್ಕ ಮುಗಿದ ಮೇಲೆ ಮಾತು ಮಕ್ಕಳ ಓದಿಗೆ ಹೊರಳುತ್ತದೆ. "ಸಿಸ್ಟರ್, ನಮಗೇ ಇಂಗ್ಲಿಷ್ ಬರಲ್ಲ, ಅವಳಿಗೇನು ಹೇಳಿಕೊಡೋದು?" ಅಂತೀರಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಮೊದಲು ಸರ್ಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಗೆ. ಒಂದನೇ ತರಗತಿಗೆ ಬಂದದ್ದು 2007-08ರಲ್ಲಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ತಾಯಿಗೆ ಎಬಿಸಿಡಿ ಕಲಿಯುವ ಅವಕಾಶವೇ ಸಿಕ್ಕಿರಲಿಲ್ಲ.

ಆದರೂ ನೀವು ಸಹಾಯ ಮಾಡಬಹುದು. "ಅಮ್ಮ ಗೂಡು ಮಾರಿದಳು" ಅನ್ನುತ್ತೇವೆ. ಮಾಡಿದ ಕೆಲಸ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ: "ಮದರ್ ಸೋಲ್ಡ್ ಕಕೂನ್ಸ್", ಅಂದರೆ ಅಮ್ಮ, ಮಾರಿದಳು, ಗೂಡು. ಮಕ್ಕಳು ತಪ್ಪುವುದು ಹೆಚ್ಚಾಗಿ ಇಲ್ಲೇ. ಮಗು ವಾಕ್ಯ ಬರೆಯುವಾಗ ಪಕ್ಕದಲ್ಲಿ ಕೂತು ಕನ್ನಡದಲ್ಲೇ ಕೇಳಿ: ಯಾರು? ಏನು ಮಾಡಿದರು? ಯಾವುದನ್ನು? ಅದೇ ಸಾಲಿನಲ್ಲಿ ಬರೆಯಲಿ. ಓದಿದ ಪಾಠವನ್ನು ಕನ್ನಡದಲ್ಲಿ ಹೇಳಿಸಿ. ಹೇಳಲು ತಡವರಿಸಿದರೆ ಅರ್ಥವಾಗಿಲ್ಲವೆಂದು ನಿಮಗೇ ಗೊತ್ತಾಗುತ್ತದೆ.

ಕಾಲೇಜಿನಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡ ಹೆಣ್ಣುಮಕ್ಕಳಿಗೆ "ಸೋಷಿಯಲ್ ಫೆಸಿಲಿಟೇಷನ್ ಎಂದರೇನು? ಉದಾಹರಣೆ ಕೊಡಿ" ಎಂಬ ಪ್ರಶ್ನೆ ಬರುತ್ತದೆ. ಗೈಡ್ ನೋಡಿ ಇಳಿಸುತ್ತಾರೆ. ಗೈಡಿಗೆ ಕೊಡುವ ದುಡ್ಡು ದಂಡ ಅಂತಲೇ ನಮ್ಮ ಅಭಿಪ್ರಾಯ, ಏಕೆಂದರೆ ಉದಾಹರಣೆ ನಿಮ್ಮ ಮನೆಯಲ್ಲೇ ಇದೆ.

1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಎಂಬುವರು 40 ಮಕ್ಕಳಿಂದ ಮೀನು ಹಿಡಿಯುವ ದಾರದ ರಾಟೆ ಸುತ್ತಿಸಿದರು, ಒಮ್ಮೆ ಒಬ್ಬೊಬ್ಬರಾಗಿ, ಒಮ್ಮೆ ಜೊತೆಯಾಗಿ. ಜೊತೆಯಿದ್ದಾಗ 20 ಮಕ್ಕಳು ಬೇಗ ಸುತ್ತಿದರು, 10 ಮಕ್ಕಳಿಗೆ ವ್ಯತ್ಯಾಸವಾಗಲಿಲ್ಲ, ಉಳಿದ 10 ಮಕ್ಕಳು ಇನ್ನೂ ನಿಧಾನವಾದರು. ಹೀಗೇಕೆ? 1965ರಲ್ಲಿ ರಾಬರ್ಟ್ ಝಾಯನ್ಸ್ ಕೊಟ್ಟ ಉತ್ತರ ಇದು: ಚೆನ್ನಾಗಿ ರೂಢಿಯಾದ ಕೆಲಸವನ್ನು ಜನರ ಮುಂದೆ ಇನ್ನೂ ಚೆನ್ನಾಗಿ ಮಾಡುತ್ತೇವೆ; ರೂಢಿಯಾಗದ ಕೆಲಸ ಜನರ ಮುಂದೆ ಕೆಡುತ್ತದೆ. ರೇಷ್ಮೆ ಬಿಚ್ಚಾಣಿಕೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕೈ ಪಳಗಿದವಳು ನಾಲ್ಕು ಜನರ ನಡುವೆ ಚುರುಕಾಗುತ್ತಾಳೆ. ಹೊಸಬಳು ಎಲ್ಲರೂ ನೋಡುತ್ತಿದ್ದರೆ ಎಳೆ ಕಡಿಯುತ್ತಾಳೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯಲು ಕಲಿಯುವವರದೂ ಅದೇ ಪಾಡು. ಇದನ್ನು ಮಗಳಿಗೆ ಹೇಳಿ. ಅವಳು ತನ್ನದೇ ಇಂಗ್ಲಿಷಿನಲ್ಲಿ ಬರೆದುಕೊಳ್ಳಲಿ.

ಈ ಪಾಠ ನಮಗೂ ಬೇಕು. ನೆಂಟರು ಬಂದ ಕೂಡಲೇ "ಎಲ್ಲಿ, ಇಂಗ್ಲಿಷಲ್ಲಿ ಏನಾದ್ರೂ ಹೇಳು" ಅಂತ ಮಗುವನ್ನು ನಿಲ್ಲಿಸುತ್ತೇವೆ. ನಿನ್ನೆ ಕಲಿತದ್ದು ಬಾಯಿಗೆ ಬರುವುದಿಲ್ಲ, ಎಲ್ಲರೂ ನಗುತ್ತಾರೆ. ಅಂಥ ನಗುವಿಗೆ ಹೆದರಿ ಪುಸ್ತಕ ಮುಚ್ಚಿದ ಹುಡುಗಿಯರನ್ನು ನಾವು ನೋಡಿದ್ದೇವೆ. ಪಿಯುಸಿಯಲ್ಲಿ ಇಂಗ್ಲಿಷ್ ಒಂದು ಹೋದರೆ ಸಾಕು, "ಇವಳ ತಲೆಗೆ ಓದು ಹತ್ತಲ್ಲ" ಅಂತ ಮನೆಯಲ್ಲಿ ಗಂಡು ಹುಡುಕಲು ಶುರು. ಮೊದಲು ಒಬ್ಬಳೇ ಗಟ್ಟಿಯಾಗಿ ಓದಿಕೊಳ್ಳಲಿ, ಆಮೇಲೆ ನಿಮ್ಮೆದುರು, ನಾಲಿಗೆ ಹೊರಳಿದ ಮೇಲೆ ನೆಂಟರೆದುರು. ಅಷ್ಟು ಹೊತ್ತು ಟೀವಿ ಆರಿಸಿಡಿ, ಧಾರಾವಾಹಿ ಎಲ್ಲೂ ಓಡಿಹೋಗುವುದಿಲ್ಲ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮಗುವಿನ ಹೋಂವರ್ಕಿನ ಒಂದು ಪ್ರಶ್ನೆಯನ್ನು ಕೇಳಿಕೊಂಡು ಬನ್ನಿ. ಉತ್ತರವನ್ನು ಕನ್ನಡದಲ್ಲಿ ಸಂಘಕ್ಕೆ ಹೇಳಿ. ಓದು ಬರೆಹ ಬಾರದ ಸದಸ್ಯೆಯರು ಮೊದಲು ಹೇಳಲಿ.