‘ಅದು’ ಎಂಬ ಸರ್ವನಾಮ: ಅಂಗವಿಕಲ ಪುರುಷರನ್ನು ಕುರಿತ ಒಂದು ಭಾಷಾವಿಚಾರ

ಶಬ್ದಮಣಿದರ್ಪಣದ ನಾಮಪ್ರಕರಣದಲ್ಲಿ ಬರುವ ಲಿಂಗವಿಚಾರವನ್ನು ಪರೀಕ್ಷೆಗೆ ಬೇಕಾದಷ್ಟು ಓದಿ ಮುಂದೆ ಸಾಗುವುದು ವಿದ್ಯಾರ್ಥಿಗಳ ವಾಡಿಕೆ. ಕನ್ನಡದಲ್ಲಿ ಲಿಂಗವು ಬಹುಮಟ್ಟಿಗೆ ಅರ್ಥವನ್ನು ಅನುಸರಿಸುತ್ತದೆ. ಮರಾಠಿಯಲ್ಲಿ ಹಾಗಲ್ಲ, ಅಲ್ಲಿ ಗೋಡೆ ಸ್ತ್ರೀಲಿಂಗ, ದೀಪ ಪುಲ್ಲಿಂಗ. ಎರಡೂ ಭಾಷೆಗಳಲ್ಲಿ ಶಾಲೆ ಕಲಿತ ನಾನು ಈ ಗೊಂದಲಕ್ಕಾಗಿ ಪೆಟ್ಟು ತಿಂದದ್ದುಂಟು. ಆದ್ದರಿಂದ ಕನ್ನಡದಲ್ಲಿ ಬೆಳೆದ ಗಂಡಸೊಬ್ಬನನ್ನು ‘ಅದು’ ಎಂದರೆ ಅದು ವ್ಯಾಕರಣದೋಷವಲ್ಲ, ಅವನ ಮನುಷ್ಯತ್ವದ ಮೇಲೆ ಕೊಟ್ಟ ತೀರ್ಪು.

ಕನ್ನಡ, ಮರಾಠಿ, ತೆಲುಗು ಒಂದೇ ಸಂತೆಯಲ್ಲಿ ಕೇಳುವ ನಾಗಲಗಿದ್ದ, ನಾರಾಯಣಖೇಡದ ಸೀಮೆಯವರಿಗೆ ಈ ಮಾತು ಹೊಸದಾಗಿರಲಾರದು. ನನ್ನ ಬಾಲ್ಯದಲ್ಲಿ ನೆರೆಮನೆಯ ಕೊಟ್ಟಿಗೆಯ ಮೂಲೆಯಲ್ಲಿ ಮಾತು ಬಾರದ, ಕಾಲು ಸೊರಗಿದ ಒಬ್ಬರು ಇರುತ್ತಿದ್ದರು. ವಯಸ್ಸು ನಲವತ್ತರ ಸಮೀಪ. ‘ಅದಕ್ಕ ರೊಟ್ಟಿ ಹಾಕೀರೇನು?’ ಎಂದು ಒಳಗಿನಿಂದ ಕೇಳುತ್ತಿದ್ದರು. ಆ ಮನೆಯಲ್ಲಿ ಅತಿಥಿಗೆ ‘ನೀಡು’, ದನಕ್ಕೆ ‘ಹಾಕು’. ಕ್ರಿಯಾಪದವೇ ಅವರ ಸ್ಥಾನವನ್ನು ಹೇಳುತ್ತಿತ್ತು. ಅವರ ಹೆಸರು ನಮಗೆ ಮಕ್ಕಳಿಗೆ ತಿಳಿದಿರಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ.

ಕೂಸು, ಮಗು ಎಂಬ ಶಬ್ದಗಳೂ ನಪುಂಸಕವೇ ಅಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಕೂಸು ಬೆಳೆದು ‘ಅವನು’ ಆಗುತ್ತದೆ; ಈ ಮನುಷ್ಯರನ್ನು ‘ಅವನು’ ಆಗಲು ಯಾರೂ ಬಿಡಲಿಲ್ಲ. ಗಂಡಸೆಂದರೆ ದುಡಿದು ತರುವವನು ಎಂಬ ಎಣಿಕೆ ಗಟ್ಟಿಯಾಗಿರುವಲ್ಲಿ, ದುಡಿಯಲಾಗದವನು ಗಂಡಸರ ಲೆಕ್ಕದಿಂದಲೇ ಹೊರಬೀಳುತ್ತಾನೆ. ಹೊಡೆತ ಬಿದ್ದರೆ ‘ಗಂಡಸಾಗಿ ಅಳುತ್ತಾನೆ’ ಎಂದು ನಗುವವರು ಆಗ ಮಾತ್ರ ಅವನನ್ನು ಗಂಡಸರಲ್ಲಿ ಸೇರಿಸಿಕೊಳ್ಳುತ್ತಾರೆ.

ಗಾದೆಗಳನ್ನು ನೋಡಿರಿ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಕನ್ನಡ ಗಾದೆ ಪುಲ್ಲಿಂಗವನ್ನೇನೋ ಕೊಡುತ್ತದೆ, ಜೊತೆಗೆ ಅಪರಾಧವನ್ನೂ ಹೊರಿಸುತ್ತದೆ. ಮರಾಠಿಯ ‘ಆಂಧಳಂ ದಳತಂ, ಕುತ್ರಂ ಪೀಠ ಖಾತಂ’ ಎಂಬುದರ ಅರ್ಥ, ಕುರುಡು ಬೀಸುತ್ತದೆ, ಹಿಟ್ಟನ್ನು ನಾಯಿ ತಿನ್ನುತ್ತದೆ. ಇಲ್ಲಿ ಬೀಸುವ ಮನುಷ್ಯನಿಗೂ ನಾಯಿಗೂ ಒಂದೇ ನಪುಂಸಕ ರೂಪ. ಆದರೂ ಈ ಗಾದೆ ಶೋಷಣೆಯನ್ನು ಚೆನ್ನಾಗಿ ಬಲ್ಲದು. ತೆಲಂಗಾಣದಲ್ಲಿ 2014ರಲ್ಲಿ ಆರಂಭವಾದ ಆಸರಾ ಯೋಜನೆಯಲ್ಲಿ ಅಂಗವಿಕಲರ ಮಾಸಿಕ ಪಿಂಚಣಿ 2023ರಲ್ಲಿ 4016 ರೂಪಾಯಿಗೆ ಏರಿತು. ಅದನ್ನು ಹೆಬ್ಬೆಟ್ಟು ಒತ್ತಿಸಿ ಮನೆಯವರೇ ಇಟ್ಟುಕೊಂಡರೆ ಹಿಟ್ಟು ಯಾರ ಪಾಲಾಯಿತು?

ಶಬ್ದಗಳನ್ನು ಬದಲಿಸುವ ಉತ್ಸಾಹ ನಮ್ಮಲ್ಲಿ ಬಹಳ. ಕುಂಟ, ಕುರುಡ ಹೋಗಿ ಅಂಗವಿಕಲ, ಅದು ಹೋಗಿ ವಿಕಲಚೇತನ, ಈಗ ದಿವ್ಯಾಂಗ. ಕಾಲು ಊನವಾದವನ ಚೇತನವನ್ನೇ ವಿಕಲವೆಂದ ಸಮಾಸ ನನಗೆ ಒಪ್ಪಿಗೆಯಾಗಿಲ್ಲ. ಕೊಟ್ಟಿಗೆಯಲ್ಲಿ ಕೂಡಿಹಾಕಿ ದಿವ್ಯಾಂಗನೆಂದರೂ ಸುಖವಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 92ನೆಯ ಪ್ರಕರಣವನ್ನು ಭಾಷೆಯ ವಿದ್ಯಾರ್ಥಿಯಾಗಿಯೂ ಓದಬೇಕು. ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನಿಸುವುದು, ತನ್ನ ವಶದಲ್ಲಿರುವವನಿಗೆ ತಿಳಿದೂ ಅನ್ನನೀರು ನಿರಾಕರಿಸುವುದು ಇಲ್ಲಿ ಅಪರಾಧ. ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಆದರೆ ಅಧಿಕಾರಸ್ಥಾನವನ್ನು ಬಳಸಿ ನಡೆಸುವ ಲೈಂಗಿಕ ಶೋಷಣೆಯ ಖಂಡದಲ್ಲಿ ‘ಮಗು ಅಥವಾ ಮಹಿಳೆ’ ಎಂದಷ್ಟೇ ಇದೆ. ವಯಸ್ಕ ಪುರುಷನಿಗೂ ಹಾಗಾಗಬಹುದೆಂಬ ಎಣಿಕೆ ಆ ವಾಕ್ಯದಲ್ಲಿಲ್ಲ. 2011ರ ಜನಗಣತಿಯಂತೆ ದೇಶದ ಸುಮಾರು 2.68 ಕೋಟಿ ಅಂಗವಿಕಲರಲ್ಲಿ 1.5 ಕೋಟಿಯಷ್ಟು ಪುರುಷರು.

ಅದೇ ಅಧಿನಿಯಮದ 7ನೆಯ ಪ್ರಕರಣದಂತೆ ದೌರ್ಜನ್ಯ ನಡೆದಿದೆ ಎಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸ್ಥಳೀಯ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು. ರಕ್ತಸಂಬಂಧ ಬೇಕಿಲ್ಲ, ನೆರೆಯವರಾದರೂ ಸಾಕು.

ಮುಂದಿನ ತರಗತಿಗೆ ನಿಮ್ಮ ಊರಿನಲ್ಲಿ ಇಂಥವರನ್ನು ಕರೆಯುವ ಶಬ್ದ, ಸರ್ವನಾಮ, ಅವರ ಊಟಕ್ಕೆ ಬಳಸುವ ಕ್ರಿಯಾಪದ ಇವನ್ನು ಬರೆದುಕೊಂಡು ಬನ್ನಿರಿ. ಮೊದಲು ಅವರ ಹೆಸರನ್ನು ಅವರಿಂದಲೇ ಕೇಳಿರಿ.